ಬಿದಿರಿನ ಚಾವಣಿಯ ಕೆಳಗೆ ಕೂತವನು

ಇದನ್ನು ಹೇಳಲು ಹೊರಟದ್ದಕ್ಕೆ ಕ್ಷಮೆ ಇರಲಿ. ನಾನು ಸಂಜೆ ಕಾಲೇಜಿನಲ್ಲಿ ಓದಿದವನು. ಎಲ್ಲಿ ಏನು ಬಿಟ್ಟೆನೋ ಎಂಬ ಅಳುಕು ಬರೆಯುವಾಗಲೂ ಹೋಗಿಲ್ಲ. ಆದರೆ ಆ ದಿನ ಅಲ್ಲಿದ್ದ ಹೊರಗಿನವರು ಇಬ್ಬರೇ: ನಾನು ಮತ್ತು ನಮ್ಮ ಸಾಹೇಬರು ವೆಂಕಟಾಚಲ. ಜಯನಗರದಲ್ಲಿ ಅವರದೊಂದು ಪತ್ತೇದಾರಿ ಕಚೇರಿ. ಹೆಚ್ಚಾಗಿ ಮದುವೆಗೆ ಮುಂಚೆ ಗಂಡಿನ ಪೂರ್ವಾಪರ ವಿಚಾರಿಸುವ ಕೆಲಸ.

ಇಟ್ಟಮಡುವಿನ ಸಿರಿ ಬಂದದ್ದು ಅದಕ್ಕಲ್ಲ.

“ನಮ್ಮ ಯಜಮಾನ್ರು ತಾಯಿಯ ಮಣ್ಣಿಗೆ ಹೋಗ್ಲಿಲ್ಲ ಸಾರ್. ಬೆಳಗಾವಿಲಿ ಎಲ್ಲರೂ ಕಾದ್ರು. ಕತ್ತಲಾಗೋ ಮುಂಚೆ ಮಣ್ಣು ಮಾಡ್ಬೇಕಲ್ಲ, ಮಾಡಿಬಿಟ್ರು. ಬೇಕಂತಲೇ ತಪ್ಪಿಸ್ಕೊಂಡ ಅಂತ ಅವರ ಅಕ್ಕ ಬಾಗಿಲು ಹಾಕಿದ್ದಾರೆ.”

“ವಿಮಾನ?”

“ತಪ್ಪಿತು ಅಂದ್ರು. ಅಷ್ಟೇ. ಆಮೇಲೆ ಮಾತೇ ಬಿಟ್ಟಿದ್ದಾರೆ. ಆದ್ರೆ ಕೌಂಟರ್‌ಗೇ ಬರಲಿಲ್ಲ ಅಂತ ವಿಮಾನ ಕಂಪನಿಯವರು ಹೇಳಿದ್ರಂತೆ. ಅವರ ಭಾವ, ಅಕ್ಕನ ಗಂಡ, ವಿಚಾರಿಸಿದ್ರು.”

ಮಣ್ಣಿನ ದಿನ ಬೆಳಿಗ್ಗೆ ಗಂಡ ಕೈಲಾಸ್ ಕಳಿಸಿದ್ದ ಫೋಟೋ ತೋರಿಸಿದಳು. ತೊಡೆಯ ಮೇಲೆ ಚೀಲ, ತಲೆಯ ಮೇಲೆ ಬಿದಿರಿನ ಚಾವಣಿ. ಸಾಹೇಬರು ಅದನ್ನು ಬಹಳ ಹೊತ್ತು ನೋಡಿದರು. ನಾನು ಕೈಲಾಸನ ಮುಖವನ್ನಷ್ಟೇ ನೋಡಿದೆ.

ಅರೆಕೆರೆಯಲ್ಲಿ ಕೈಲಾಸನ ಅಕ್ಕ ಶ್ರೀದೇವಿ ನಮ್ಮನ್ನು ಒಳಗೆ ಕರೆಯಲಿಲ್ಲ. ಹೊರಗಿನ ಕುರ್ಚಿಗಳಲ್ಲೇ ಕೂತೆವು. ಅವರ ಗಂಡ ಚಿದಾನಂದ್ ಬಾಗಿಲಿಗೆ ಒರಗಿ ನಿಂತರು. ಕೈಲಾಸ್ ಚಪ್ಪಲಿ ಬಿಡುವ ಜಾಗದಲ್ಲಿ, ಸಿರಿಯ ಪಕ್ಕ, ನಿಂತೇ ಇದ್ದ.

“ಏನಾಯ್ತು, ಹೇಳಿ,” ಎಂದರು ಸಾಹೇಬರು.

“ಕ್ಯೂನಲ್ಲಿ ನಿಂತೆ. ನನ್ನ ಸರದಿ ಬಂತು. ಟಿಕೆಟ್ ನಮ್ಮದೇ, ವಿಮಾನ ಮಾತ್ರ ನಮ್ಮ ಪಾರ್ಟ್ನರ್ ಕಂಪನಿದು ಅಂದ್ರು ಕೌಂಟರ್‌ನವರು. ಅಷ್ಟೊತ್ತಿಗೆ ಅವರ ಚೆಕ್-ಇನ್ ಮುಗಿದಿತ್ತು.”

“ಯಾವ ಕಂಪನಿ?”

“ಕೇಳ್ಲಿಲ್ಲ.”

“ಆಮೇಲೆ?”

“ಕೂತಿದ್ದೆ.”

ಶ್ರೀದೇವಿ ಮುಖ ತಿರುಗಿಸಿದರು. “ಅವ್ವನ್ನ ಮಣ್ಣಲ್ಲಿ ಕೂರಿಸ್ತಿದ್ರು. ಇವನು ಅಲ್ಲಿ ಕೂತಿದ್ದನಂತೆ.”

“ಟಿಕೆಟ್ ಮಾಡಿದ್ದು?”

“ನಾನೇ ಸಾರ್, ಬೆಳಗಾವಿಯಿಂದ,” ಎಂದರು ಚಿದಾನಂದ್. “ನನ್ನ ನಂಬರ್ ಕೊಟ್ಟೆ. ಇವನೆಲ್ಲಿ ಮೆಸೇಜ್ ನೋಡ್ತಾನೆ! ಬೇರೆ ಕಂಪನಿ ವಿಮಾನ ಅಂತ ನನಗೂ ಈಗಲೇ ಗೊತ್ತಾಗಿದ್ದು.”

“ಹೌದೇ?”

“ಹೌದು. ಆದ್ರೂ ಕೂತಿದ್ದೆ ಅಂತಾನಲ್ಲ! ಒಂದನೇ ಟರ್ಮಿನಲ್‌ಗೆ ಬಸ್ ಇರುತ್ತೆ. ಓಡಿ ಹತ್ತೋಕೆ ಏನಾಗಿತ್ತು ದೊಡ್ಡ ಮನುಷ್ಯನಿಗೆ?”

ಆ ಮಾತು ನನಗೂ ಕೇಳಿಸಿತು. ಏನೂ ಹೊಳೆಯಲಿಲ್ಲ.

ಸಾಹೇಬರು ಫೋಟೋವನ್ನು ಶ್ರೀದೇವಿಯವರ ಕೈಗೆ ಕೊಟ್ಟರು.

“ಈ ಬಿದಿರು ನಮ್ಮ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ದು ಮೇಡಂ. ಅವರು ಹೋಗಿದ್ದರು. ಟಿಕೆಟ್ ಮೇಲೆ ಯಾರ ಹೆಸರು ದೊಡ್ಡದಾಗಿತ್ತೋ ಅವರ ಕೌಂಟರಿನಲ್ಲೇ ನಿಂತಿದ್ದರು. ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು ಆದಾಗ ಕೌಂಟರು, ಬ್ಯಾಗಿನ ತೂಕ, ಟರ್ಮಿನಲ್, ಎಲ್ಲವೂ ಹಾರಿಸುವವರದು. ಅದನ್ನು ತಿಳಿಸುವ ಮೆಸೇಜು ಟಿಕೆಟ್ ಮಾಡಿದ ನಂಬರಿಗೆ ಬರುತ್ತದೆ.”

“ಬಂದಿಲ್ಲ,” ಎಂದರು ಚಿದಾನಂದ್.

“ಕೈಲಾಸ್ ಯಾವ ಟರ್ಮಿನಲ್ ಅಂತ ಹೇಳಲಿಲ್ಲ. ಪಾರ್ಟ್ನರ್ ಯಾರು ಅಂತ ಅವರಿಗೇ ಗೊತ್ತಿಲ್ಲ. ನಿಮಗೆ ಈಗಷ್ಟೇ ಗೊತ್ತಾಯಿತು ಅಂದಿರಿ. ಹಾಗಾದರೆ ವಿಮಾನ ಒಂದನೇ ಟರ್ಮಿನಲ್‌ನಲ್ಲಿತ್ತು ಅಂತ ನಿಮಗೆ ಹೇಳಿದವರು ಯಾರು?”



“ಫೋನ್ ಕೊಡ್ರಿ,” ಎಂದು ಶ್ರೀದೇವಿ ಗಂಡನತ್ತ ಕೈ ಚಾಚಿದರು.

ಮೆಸೇಜು ಇತ್ತು. ಅಳಿಸಿರಲಿಲ್ಲ, ಮರೆಮಾಡಿದ್ದರು. ಕಳಿಸಿದ್ದು ಹೆಸರೇ ಕೇಳಿರದ ಒಂದು ಕಂಪನಿ: ನಿಮ್ಮ ಪ್ರಯಾಣಿಕರು ಒಂದನೇ ಟರ್ಮಿನಲ್‌ಗೆ ಬರಬೇಕು. ಬಂದದ್ದು ವಿಮಾನ ಹೊರಡುವುದಕ್ಕೆ ಬಹಳ ಮುಂಚೆ.

“ಜಾಹೀರಾತು ಅಂದ್ಕೊಂಡೆ ಕಣೇ. ಮಣ್ಣಾದ ಮೇಲೇ ತೆಗೆದು ಓದಿದ್ದು. ಆಗ ಹೇಳೋಕೆ ಧೈರ್ಯ ಬರ್ಲಿಲ್ಲ. ಅವನ ಮೇಲೆ ಹಾಕಿದ್ರೆ ಮುಗೀತು ಅಂತ...”

ಶ್ರೀದೇವಿ ಬೈಯಲಿಲ್ಲ, ಅಳಲೂ ಇಲ್ಲ. ಬಾಗಿಲಲ್ಲಿದ್ದ ಗಂಡನನ್ನು ಪಕ್ಕಕ್ಕೆ ಸರಿಸಿದರು.

“ಕೈಲಾಸ, ಒಳಗ್ ಬಾ. ಅವ್ವನ ಫೋಟೋಕ್ಕೆ ವಿಭೂತಿ ಹಚ್ಚು.”

ಅವನು ಚಪ್ಪಲಿ ಬಿಟ್ಟ. ಆದರೆ ಹೊಸ್ತಿಲ ಮುಂದೆ, ಇನ್ನೂ ಕ್ಯೂನಲ್ಲಿ ಇರುವವನ ಹಾಗೆ, ನಿಂತೇ ಇದ್ದ. ಸಿರಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮೆಸೇಜು ಬಚ್ಚಿಟ್ಟವರು ಚಿದಾನಂದ್. ಅಷ್ಟು ಖಚಿತ. ಅದನ್ನು ಅವರು ಓದಿದ್ದು ಮಣ್ಣಾದ ಮೇಲೋ, ವಿಮಾನ ಹೊರಡುವ ಮುಂಚೆಯೋ? ಓದಿದ ಹೊತ್ತನ್ನು ಫೋನು ತೋರಿಸಲಿಲ್ಲ. ಸಾಹೇಬರೂ ಕೇಳಲಿಲ್ಲ. ನನಗೆ ಗೊತ್ತಿಲ್ಲ.