ಅಮ್ಮನ ಎಡಗಾಲು

ಕಾರು ಗಡಗಡ ನಡುಗಿ ಮುಗ್ಗರಿಸಿತು. ಮುಂದಿನ ಸೀಟಿನಲ್ಲಿದ್ದ ದೊಡ್ಡಪ್ಪ ಡ್ಯಾಶ್‌ಬೋರ್ಡ್ ಹಿಡಿದುಕೊಂಡು, "ಇನ್ನೊಂದು," ಎಂದರು.

ಹಿಂದಿನ ಸೀಟಿನಲ್ಲಿ ಚೂಟಿ ಕಿಸಕ್ಕನೆ ನಕ್ಕಳು. ಅಮ್ಮ ಎಷ್ಟು ಸಲ ಕಾರು ಕುಣಿಸುತ್ತಾಳೆಂದು ಎಣಿಸುವುದು ಅವರಿಬ್ಬರ ಆಟವಾಗಿತ್ತು. ಸ್ಟೀರಿಂಗ್ ಹಿಡಿದಿದ್ದ ಅಮ್ಮನ ಕಿವಿ ಕೆಂಪಾಯಿತು.

ಕಾರು ಮೊದಲು ದೊಡ್ಡಪ್ಪನದು. ಹೊಸದನ್ನು ಕೊಂಡ ಮೇಲೆ ಈ ಹಳೆಯದನ್ನು, ರಾಜ್ಯವನ್ನೇ ದಾನ ಮಾಡಿದವರ ಹಾಗೆ, ತಮ್ಮನ ಮನೆಗೆ ಕೊಟ್ಟಿದ್ದರು. ಅಂದಿನಿಂದ ಅಮ್ಮನ ಡ್ರೈವಿಂಗಿನಲ್ಲಿ ಹುಳುಕು ಹುಡುಕುವುದೇ ಅವರ ಕೆಲಸ. ಕಾರು ನಡುಗಿದರೆ ಅಮ್ಮನ ಎಡಗಾಲು ಕಾರಣ. ಪೆಟ್ರೋಲ್ ಜಾಸ್ತಿ ಕುಡಿದರೂ ಅಮ್ಮನ ಎಡಗಾಲೇ ಕಾರಣ. ಮೀಟರಿನ ಪಕ್ಕ ಇಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿದೆಯಲ್ಲ ಎಂದು ಅಮ್ಮ ಕೇಳಿದಾಗ, ಹಳೇ ಕಾರೆಂದರೆ ಅದು ಉರಿಯುವುದೇ ಎಂದು ಮೂಗು ಮುರಿದಿದ್ದರು. ಕಾರಿನ ಬಗ್ಗೆ ದೊಡ್ಡಪ್ಪನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ಬಾನೆಟ್ ಎತ್ತುವುದೊಂದನ್ನು ಬಿಟ್ಟು.

ಇವತ್ತೂ ಕಾರು ಹೀಗೇ ಕುಣಿದರೆ ಕೀ ವಾಪಸ್ ತೆಗೆದುಕೊಳ್ಳುತ್ತೇನೆಂದು ಅವರು ಹೊರಡುವಾಗಲೇ ಸಾರಿದ್ದರು. ಮುಂದಿನ ವಾರದಿಂದ ಅಮ್ಮನಿಗೆ ಬೇಕರಿಯಲ್ಲಿ ಕೆಲಸ. ಮೊದಲ ಬಸ್ಸು ಬರುವ ಮುಂಚೆಯೇ ಅಲ್ಲಿರಬೇಕು. ಕೀ ಹೋದರೆ ಕೆಲಸವೂ ಹೋದಂತೆಯೇ.

"ಚೂಟಿ, ನಿಮ್ಮಮ್ಮನ ಎಡಗಾಲು ನೋಡ್ತಿರು. ಕ್ಲಚ್ ಹೇಗೆ ಬಿಡ್ತಾಳೆ ಅಂತ ನಂಗೆ ರಿಪೋರ್ಟ್ ಕೊಡು," ಎಂದರು ದೊಡ್ಡಪ್ಪ.

ಸಿಐಡಿ ಕೆಲಸ ಯಾರಿಗೆ ಬೇಡ? ಚೂಟಿ ಸೀಟುಗಳ ನಡುವೆ ತಲೆ ತೂರಿಸಿ ಅಮ್ಮನ ಚಪ್ಪಲಿಯನ್ನೇ ದಿಟ್ಟಿಸತೊಡಗಿದಳು.

ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಅಮ್ಮ ಕಾರು ನಿಲ್ಲಿಸಿದಳು. ಗೇರ್ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಕಾಲುಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಅಷ್ಟರಲ್ಲಿ ಕಾರು ಮತ್ತೆ ಗಡಗಡ ಎಂದಿತು. ಹಳದಿ ದೀಪ ಮಿಣಕ್ ಮಿಣಕ್ ಎನ್ನತೊಡಗಿತು.

"ಇನ್ನೊಂದು," ಎಂದು ದೊಡ್ಡಪ್ಪ ಹಿಂದೆ ತಿರುಗಿ ಕಣ್ಣು ಮಿಟುಕಿಸಿದರು.

ನಗಲು ಬಾಯಿ ತೆರೆದ ಚೂಟಿ ಹಾಗೇ ಉಳಿದಳು. "ದೊಡ್ಡಪ್ಪ, ಅಮ್ಮನ ಕಾಲು ಕ್ಲಚ್ ಮೇಲೆ ಇಲ್ವೇ ಇಲ್ಲ."

"ನಿಂಗೇನೇ ಗೊತ್ತು?"

"ನೀವೇ ನೋಡಿ. ಗೇರೂ ಹಾಕಿಲ್ಲ. ಕಾರು ತಾನೇ ಕುಣೀತಿದೆ."

ದೊಡ್ಡಪ್ಪ ಬಗ್ಗಿ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ಹಸಿರು ಬಿದ್ದದ್ದೇ ತಡ, ಅಮ್ಮ ಕಾರನ್ನು ಸೀದಾ ಗ್ಯಾರೇಜಿಗೆ ತಿರುಗಿಸಿದಳು.

ಮೆಕ್ಯಾನಿಕ್ ಇಂಜಿನ್ ಓಡುತ್ತಿರುವಾಗಲೇ ಅದಕ್ಕೆ ಕಿಡಿ ಕೊಡುವ ನಾಲ್ಕು ಪ್ಲಗ್ಗುಗಳ ಕನೆಕ್ಷನ್ನನ್ನು ಒಂದೊಂದಾಗಿ ತೆಗೆದು, ಮತ್ತೆ ಹಾಕಿ ನೋಡಿದ. ಮೊದಲ ಮೂರರಲ್ಲಿ ಯಾವುದನ್ನು ತೆಗೆದಾಗಲೂ ಇಂಜಿನ್ ಇನ್ನಷ್ಟು ಒದ್ದಾಡಿತು. ಕೊನೆಯದನ್ನು ತೆಗೆದಾಗ ಸದ್ದು ಒಂದಿಷ್ಟೂ ಬದಲಾಗಲಿಲ್ಲ.

"ಇದು ಕೆಲಸಾನೇ ಮಾಡ್ತಿಲ್ಲ," ಎಂದು ಅವನು ಮಸಿ ಹಿಡಿದ ಪ್ಲಗ್ಗನ್ನು ಬಿಚ್ಚಿ ತೋರಿಸಿದ. "ಲೈಟು ಯಾವಾಗಿಂದ ಉರೀತಿದೆ?"

"ಅದು... ನನ್ನ ಹತ್ರ ಇದ್ದಾಗಿಂದಾನೂ," ಎಂದರು ದೊಡ್ಡಪ್ಪ. ಹೊಸ ಪ್ಲಗ್ ಹಾಕುವಷ್ಟರಲ್ಲಿ ಅವರಿಗೆ ಏನೋ ಅರ್ಜೆಂಟ್ ಕೆಲಸ ನೆನಪಾಯಿತು. ಕೀ ಮಾತನ್ನೇ ಎತ್ತದೆ, ನಡೆದುಕೊಂಡೇ ಹೋಗುತ್ತೇನೆಂದು ಹೊರಟುಬಿಟ್ಟರು.

ಹಳದಿ ದೀಪ ಆರಿತ್ತು. ಕಾರು ಚೂರೂ ನಡುಗದೆ ಮನೆಯ ದಾರಿ ಹಿಡಿಯಿತು. ಚೂಟಿ ಈಗ ದೊಡ್ಡಪ್ಪನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಳು. ಅವರು ತಲೆ ತಗ್ಗಿಸಿ ಹೋದದ್ದು ನೆನಪಾಗಿ ಅವಳಿಗೆ ತಡೆಯಲಾಗಲಿಲ್ಲ. ಕಿಸಕ್ಕನೆ ನಕ್ಕಳು.

ಅಮ್ಮ ಬೆಚ್ಚಿ ತನ್ನ ಎಡಗಾಲಿನ ಕಡೆ ನೋಡಿದಳು. "ಏನಾಯ್ತು? ಕ್ಲಚ್ ಸರಿಯಾಗಿ ಬಿಡ್ಲಿಲ್ವಾ?"

ಚೂಟಿಯ ನಗು ಅಲ್ಲೇ ನಿಂತಿತು. ದೊಡ್ಡಪ್ಪ ಕಾರಿನಲ್ಲಿ ಇರಲೇ ಇಲ್ಲ. ಅಮ್ಮ ಬೆಚ್ಚಿದ್ದು ಅವಳ ನಗುವಿಗೆ.