ಮೀನಮ್ಮನನ್ನು ಕೇಳದೆ

"ಮೊದಲು ಬಾಗಿಲು ತಟ್ಟು, ಕೇಳು, ಆಮೇಲೆ ತೆಗಿ. ಕೇಳದೆ ಮಾತ್ರ ಕೈ ಹಾಕಬೇಡ ಕಣೇ," ಎಂದಳು ಅಕ್ಕ.

ಲ್ಯಾಬಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಎದುರಿಗಿದ್ದದ್ದು ಯಾರ ಮನೆಯ ಬಾಗಿಲೂ ಅಲ್ಲ, ಇನ್‌ಕ್ಯುಬೇಟರು. ಮನುಷ್ಯನ ಮೈಯಷ್ಟೇ ಬೆಚ್ಚಗಿರುವ ಉಕ್ಕಿನ ಕಪಾಟು. ಒಳಗೆ ಚಪ್ಪಟೆ ಸೀಸೆಗಳ ಗುಲಾಬಿ ಬಣ್ಣದ ದ್ರವದಲ್ಲಿ ಜೀವಕೋಶಗಳು ಬೆಳೆಯುತ್ತಿದ್ದವು.

"ಕಪಾಟಿನ ಹತ್ರ ಅಪ್ಪಣೆ ಕೇಳ್ಬೇಕಾ ಅಕ್ಕಾ? ಹಾಗೇ ಕಾಫಿ ಕುಡೀತೀರಾ ಅಂತಲೂ ಕೇಳಿಬಿಡೋಣ."

ಅಕ್ಕ ನಗಲಿಲ್ಲ. ಸಂಶೋಧನೆಯಲ್ಲೇ ತಲೆ ನರೆತ ವಿಜ್ಞಾನಿ ಆಕೆ, ಲ್ಯಾಬಿಗೆಲ್ಲ ಅಕ್ಕ. ಬೆರಳ ಗೆಣ್ಣಿನಿಂದ ಬಾಗಿಲನ್ನು ಮೆಲ್ಲಗೆ ತಟ್ಟಿ, "ಮೀನಮ್ಮಾ, ತೆಗೀಲಾ?" ಎಂದು ಕೇಳಿ, ಬಾಗಿಲ ಸಂದಿಗೆ ಮೂಗು ಒಡ್ಡಿ ಕಾದಳು. "ಮೀನಿನ ವಾಸನೆ ಬಂದ್ರೆ ಬೇಡ ಅಂತ ಅರ್ಥ. ಅವತ್ತು ಮುಟ್ಟಲ್ಲ."

ಅಕ್ಕ ಹೇಳಿದಂತೆ, ಮೀನಮ್ಮ ಬೀದಿ ಬೀದಿ ಕೂಗಿ ಮೀನು ಮಾರುತ್ತಿದ್ದ ಹೆಂಗಸು. ಗಂಟಲಲ್ಲಿ ಗಡ್ಡೆಯೆದ್ದು ದನಿ ಹೋಯಿತು. ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ಗಡ್ಡೆಯ ಚೂರೊಂದನ್ನು ಯಾರನ್ನೂ ಕೇಳದೆ ಲ್ಯಾಬಿಗೆ ತಂದಿಟ್ಟರು. ಅವಳು ಸತ್ತಳು, ಚೂರು ಸಾಯಲಿಲ್ಲ, ಈ ಕಪಾಟಿನಲ್ಲೇ ಬೆಳೆಯುತ್ತ ಹೋಯಿತು. ಸುದ್ದಿ ತಿಳಿದ ತಾಯಿ, ಅದನ್ನೂ ಮಗಳ ಜೊತೆಗೇ ಮಣ್ಣು ಮಾಡುತ್ತೇನೆ, ಕೊಟ್ಟುಬಿಡಿ ಎಂದು ಗೋಗರೆದಳು. ಕೋರ್ಟಿನ ಮೆಟ್ಟಿಲನ್ನೂ ಹತ್ತಿದಳು. ಕತ್ತರಿಸಿ ತೆಗೆದ ಗಡ್ಡೆ ರೋಗಿಯ ಸ್ವತ್ತಲ್ಲ ಎಂದು ತೀರ್ಪಾಯಿತು. ಆ ದಿನವೇ ಮುದುಕಿ ಲ್ಯಾಬಿಗೆ ಬಂದು, ಮಗಳ ಕೂದಲಿಗೆ ಕಪ್ಪು ದಾರ ಸುತ್ತಿ, ಏನನ್ನೋ ಗೊಣಗುತ್ತ ಗಂಟಿನ ಮೇಲೆ ಗಂಟು ಬಿಗಿದು ಕಪಾಟಿನ ಕಾಲಿಗೆ ಕಟ್ಟಿದಳು. "ಬಾಯಿಲ್ಲದವಳ ಮೈ ಕದ್ದಿರಿ. ಕೇಳದೆ ಮುಟ್ಟಿದವರ ಬಾಯಿ ಕಟ್ಟಲಿ." ದೊಡ್ಡ ಡಾಕ್ಟರು ಕೊನೆಗಾಲದಲ್ಲಿ ನೀರು ಬೇಕೆಂದರೂ ಬರೆದು ತೋರಿಸುತ್ತಿದ್ದರಂತೆ.

"ಮೀನಮ್ಮ ಬೇಡ ಅಂದಿದ್ದಳಾ?"

"ಅನ್ನೋಕೆ ದನಿಯೇ ಇರಲಿಲ್ಲ."

"ಅನ್ನಲಿಲ್ಲ ತಾನೆ? ಮತ್ತೇನು ಗೋಳು! ಎಷ್ಟು ಜನರ ಜೀವ ಉಳಿಸೋ ಔಷಧಿ ಇದರಿಂದ ಬರುತ್ತೆ," ಎಂದು ಡಾಕ್ಟರಮ್ಮ ಮೂಗು ಮುರಿದಳು. ಅವಳು ಕೆಟ್ಟವಳೇನಲ್ಲ, ಆತುರದವಳು ಅಷ್ಟೇ.

ಮರುದಿನ ಅಕ್ಕ ರಜೆ ಹಾಕಿದ್ದಳು. ಊಟ ಮುಗಿಸಿ ಡಾಕ್ಟರಮ್ಮ ಒಬ್ಬಳೇ ನೆಲಮಾಳಿಗೆಗೆ ಇಳಿದಳು. ಕಿಟಕಿಯಿಲ್ಲದ ಕೋಣೆ. ಸ್ಪಿರಿಟ್ಟಿನ ಘಾಟು, ಯಂತ್ರದ ಗುಂಯ್‌ಗುಡುವಿಕೆ. ಕಪಾಟಿನ ಕಾಲಲ್ಲಿ ಧೂಳು ಮೆತ್ತಿಕೊಂಡಿದ್ದ ಕೂದಲ ಗಂಟನ್ನು ಕಂಡು ಅವಳಿಗೆ ಅಸಹ್ಯವಾಯಿತು. ಕತ್ತರಿಯಿಂದ ಕಚಕ್ಕನೆ ಕತ್ತರಿಸಿ ಕಸದ ಚೀಲಕ್ಕೆ ಹಾಕಿದಳು. ತಟ್ಟಲಿಲ್ಲ, ಕೇಳಲಿಲ್ಲ, ಬಾಗಿಲು ತೆರೆದಳು.

ಗಪ್ಪೆಂದು ಮೀನಿನ ವಾಸನೆ ಮುಖಕ್ಕೆ ರಾಚಿತು.

ಅವಳು ಉಸಿರು ಬಿಗಿಹಿಡಿದು ಸೀಸೆಗೆ ಕೈ ಚಾಚಿದಳು. ದೀಪ ಆರಿತು. ಯಂತ್ರ ನಿಂತಿತು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲು. ಆ ಕತ್ತಲಲ್ಲಿ ಯಾರೋ ಉಸಿರೆಳೆದರು. ಅವಳಲ್ಲ. ಕಪಾಟಿನೊಳಗಿಂದ, ತುಂಬ ದೂರದ ಬೀದಿಯಿಂದೆಂಬಂತೆ ಕೂಗು ಬಂತು. "ಮೀನ್ ಬೇಕೇನ್ರಮ್ಮೋ..." ಕೂಗು ಹತ್ತಿರವಾಯಿತು. ಇನ್ನೂ ಹತ್ತಿರ. ಕಿವಿಯ ಪಕ್ಕಕ್ಕೇ ಬಂತು. ಒದ್ದೆ ಬೆರಳುಗಳು ಅವಳ ಗಂಟಲನ್ನು ಮುಟ್ಟಿದವು. ಹಿಸುಕಲಿಲ್ಲ. ಸುಮ್ಮನೆ ಸವರಿದವು, ಏನನ್ನೋ ಹುಡುಕುವಂತೆ.

ದೀಪ ಬಂತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಕರೆಂಟು ಹೋದದ್ದಕ್ಕೆ ಇಷ್ಟು ಹೆದರಿದೆನಲ್ಲ ಎಂದು ನಗಲು ಹೋದಳು, ನಗು ಕರಕರ ಎಂದಿತು.

ಆ ರಾತ್ರಿ ಮನೆಯಲ್ಲಿ ತನ್ನ ಪುಟ್ಟ ಮಗಳಿಗೆ ಕತೆ ಹೇಳುವಾಗ ಮಾತು ನಡುನಡುವೆ ತುಂಡಾಯಿತು. ಇರುವೆಯೊಂದು ಮನೆಯ ದಾರಿ ತಪ್ಪಿದ ಕತೆ ಅದು. ಅದನ್ನು ಅಮ್ಮನ ಬಾಯಿಂದಲೇ ಕೇಳದಿದ್ದರೆ ಆ ಪುಟ್ಟಿಗೆ ನಿದ್ದೆಯಿಲ್ಲ. ಡಾಕ್ಟರಮ್ಮನಿಗೂ ಹಾಗೆಯೇ, ದಿನವೆಲ್ಲ ದುಡಿಯುತ್ತಿದ್ದುದೇ ಆ ಹೊತ್ತಿಗಾಗಿ. ಶೀತ ಇರಬೇಕೆಂದು ಬಿಸಿನೀರು ಕುಡಿದಳು. ಆದರೆ ಕಪಾಟು ತೆರೆದಾಗಲೆಲ್ಲ ದನಿ ಇನ್ನಷ್ಟು ಸವೆಯಿತು. ಅಕ್ಕ ಕಾಲಿಗೆ ಬೀಳುವುದೊಂದು ಬಾಕಿ, ನಿಲ್ಲಿಸು ಎಂದಳು. ಹಟಕ್ಕೆ ಬಿದ್ದವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೊಂದು ದಿನ ಮಗಳು, "ಅಮ್ಮಾ, ನಿನ್ನ ಕತೆ ಕೇಳಿಸ್ತಾನೇ ಇಲ್ಲ," ಎಂದು ಅತ್ತಳು. ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ನೆಲಮಾಳಿಗೆಗೆ ಓಡಿದಳು. ಬಾಗಿಲು ತಟ್ಟಿದಳು. ತಪ್ಪಾಯಿತು ಎನ್ನಬೇಕು. ಕೇಳಬೇಕು. ತುಟಿ ಆಡಿತು, ಬರಿಯ ಗಾಳಿ ಹೊರಟಿತು. ಕೇಳಲು ದನಿಯೇ ಉಳಿದಿರಲಿಲ್ಲ. ಸಂದಿಯಿಂದ ಮೀನಿನ ವಾಸನೆ ತಣ್ಣಗೆ ಹರಿದು ಬಂತು.

ಪರೀಕ್ಷೆ ಮಾಡಿಸಿದಾಗ ಅವಳ ಗಂಟಲಲ್ಲೂ ಗಡ್ಡೆ ಸಿಕ್ಕಿತು. ತೆಗೆಯಲೇಬೇಕು ಎಂದರು.

ಆಪರೇಷನ್ ಮೇಜು. ಕೈಗಳಿಗೆ ಪಟ್ಟಿ ಬಿಗಿದಿದ್ದರು. ಲ್ಯಾಬಿನ ಮುಖ್ಯಸ್ಥರು ನಗುನಗುತ್ತ ಬಗ್ಗಿದರು. "ಹೆದರ್ಬೇಡಿ ಡಾಕ್ಟ್ರೇ. ಹೇಗೂ ನೀವು ನಮ್ಮವರು. ಒಂದು ಚೂರು ಲ್ಯಾಬಿಗೆ ಇಟ್ಕೋತೀವಿ, ಆಗಬಹುದಾ?" ಬೇಡ. ಬೇಡ ಎಂದಳು. ಗಾಳಿ ಬಂತು. ತಲೆಯಾಡಿಸಬೇಕು. ಅಷ್ಟರಲ್ಲಿ ಅರಿವಳಿಕೆಯ ಮಾಸ್ಕು ಮುಖವನ್ನು ಮುಚ್ಚಿತು. ಅದನ್ನು ಹಿಡಿದ ಕೈ ಯಾರದೋ, ಒದ್ದೆಯಾಗಿತ್ತು.

ಜೀವ ಉಳಿಯಿತು, ದನಿ ಉಳಿಯಲಿಲ್ಲ. ಕತ್ತಿಗೆ ಬಟ್ಟೆ ಸುತ್ತಿಕೊಂಡು ಅವಳು ಲ್ಯಾಬಿಗೆ ಬಂದಾಗ ಮುಖ್ಯಸ್ಥರು ಕಪಾಟಿನ ಮುಂದೆಯೇ ಇದ್ದರು. "ಮೀನಮ್ಮನಿಗಿಂತ ಜೋರಾಗಿ ಬೆಳೀತಿದೆ ನಿಮ್ಮದು! ಕೇಳಿದ್ದೆನಲ್ಲ, ನೀವೇನೂ ಬೇಡ ಅನ್ನಲಿಲ್ಲ." ಅವಳಿಗೆ ತನ್ನದೇ ಮಾತು ಕಪಾಳಕ್ಕೆ ಹೊಡೆದಂತಾಯಿತು.

ಅಕ್ಕ ಕಪಾಟಿಗೆ ಬೆನ್ನು ಕೊಟ್ಟು ನಿಂತು ಅವಳನ್ನೇ ಕೇಳಿದಳು. "ನಿಂದು... ತೆಗೀಲಾ?"

ಅವಳು ಕತ್ತು ನೋಯುವಷ್ಟು ಜೋರಾಗಿ ಬೇಡವೆಂದು ತಲೆಯಾಡಿಸಿದಳು.

"ನೀವೊಬ್ರು ಅಕ್ಕಾ, ಅಜ್ಜಿಕತೆ ಶುರು ಮಾಡ್ಬೇಡಿ," ಎಂದು ಮುಖ್ಯಸ್ಥರು ಅಕ್ಕನನ್ನು ಪಕ್ಕಕ್ಕೆ ಸರಿಸಿ ತಾವೇ ಬಾಗಿಲು ತೆರೆದರು. ಇಷ್ಟು ವರ್ಷ ಅವರು ಅದನ್ನು ಮುಟ್ಟಿದವರೇ ಅಲ್ಲ. ಒಳಗಿಂದ ಬೆಚ್ಚನೆಯ ಗಾಳಿ ಬಂತು. ಅದರ ಜೊತೆಗೆ ಒಂದು ದನಿ. ಮೃದುವಾದ ದನಿ, ಅವಳದೇ. "ಒಂದೂರಲ್ಲಿ ಒಂದು ಇರುವೆ ಇತ್ತಂತೆ ಪುಟ್ಟಿ. ಅದಕ್ಕೆ ಮನೆಗೆ ಹೋಗೋ ದಾರೀನೇ ತಪ್ಪಿಹೋಯ್ತಂತೆ..."

ಅವಳು ಬಾಯಿ ತೆರೆದು ಸದ್ದಿಲ್ಲದೆ ಅತ್ತಳು. ಮುಖ್ಯಸ್ಥರು ಸೀಸೆಯನ್ನು ಬೆಳಕಿಗೆ ಹಿಡಿದು ಏನನ್ನೋ ಹೇಳಲು ಹೋದರು. ಗಂಟಲು ಕಟ್ಟಿತು. ಕೆಮ್ಮಿ ಸರಿಮಾಡಿಕೊಂಡರು, ಮತ್ತೆ ಕೆಮ್ಮಿದರು.