ಹುಳಿಯಿಲ್ಲದ ರೊಟ್ಟಿ

ಗೇರುಹಣ್ಣು ಉದುರುವ ಕಾಲ. ೧೯೫೯ರ ಪೆಸಹಾ ಗುರುವಾರ, ಕೋಳಿಗಳು ಗೂಡು ಸೇರುವ ಹೊತ್ತು.

ಕಡಬದ ಹೊಳೆಬದಿಯ ಹುಲ್ಲುಮನೆಯ ಬಾಗಿಲಲ್ಲಿ ಮರಿಯಕುಟ್ಟಿ ಬೆರಗಾಗಿ ನಿಂತಳು. ಅಂಗಳದಲ್ಲಿ ಬುಟ್ಟಿ ಹೊತ್ತ ಯುವಕ! ಬೆವರಿದ ಹಣೆ, ನಗುವ ಕಣ್ಣು...

"ನಾನು ಲಿಗೋರಿ. ಹೊಳೆಯಾಚೆಯ ಪೊರ್ಬುಗಳ ಮನೆಯವ. ನಾವೂ ಕ್ರಿಸ್ತನವರೇ, ಕೊಂಕಣಿ ಮಾತಾಡುದು ಅಷ್ಟೆ. ನಿಮಗೆ ಪೆಸಹಾದ ರೊಟ್ಟಿ ತಂದಿದ್ದೇನೆ."

ಅವಳ ಕಣ್ಣು ತುಂಬಿತು. ಕೇರಳದಿಂದ ಬಂದು ಎರಡು ವರ್ಷ. ಕಳೆದ ಮಳೆಗಾಲ ಚಳಿಜ್ವರ ಅವಳ ಅಮ್ಮಚ್ಚಿಯನ್ನು ಕೊಂಡೊಯ್ದಿತ್ತು. ಸಾವಾದ ಮನೆಯಲ್ಲಿ ಆ ವರ್ಷ ಯೇಸುವಿನ ಕೊನೆಯ ಊಟದ ನೆನಪಿನ ರೊಟ್ಟಿ ಮಾಡುವಂತಿಲ್ಲ. ನೆರೆಯವರು ಮಾಡಿ ತರಬೇಕು. ಈ ಕಾಡಿನಲ್ಲಿ ತಮಗೆ ಯಾರಿದ್ದಾರೆ? ಅಮ್ಮ ಹೋದ ವರ್ಷವೇ ಈ ದಿನ ಬರಿದಾದರೆ...

ಈ ಸಂಕಟ ಹೇಳಿಕೊಂಡದ್ದು ಪಕ್ಕದ ಗೌಡರ ಮನೆಯ ಗೆಳತಿ ಕುಮುದಿನಿಗೆ ಮಾತ್ರ. ಕುಮುದಿನಿಯ ಬಾಯಲ್ಲಿ ಮಾತು ನಿಂತದ್ದುಂಟೆ!

ಮರಿಯಕುಟ್ಟಿಯ ತಂದೆ ಚಾಕೋ ಬುಟ್ಟಿಯ ಬಾಳೆಲೆ ಸರಿಸಿದ. ಬೆಳ್ಳಗೆ, ಇಡ್ಲಿಯಂಥ, ಹೂವಿನಂತೆ ಉಬ್ಬಿದ ಸನ್ನಗಳು.

"ಹಿಟ್ಟು ಉಬ್ಬಿದೆ. ಇದು ಈ ದಿನಕ್ಕೆ ಆಗದು, ಮೋನೇ."

ಲಿಗೋರಿಯ ಮುಖ ಬಾಡಿತು. "ನಮ್ಮ ಮನೆಯದ್ದು ಆಗುದಿಲ್ಲ ಅಂತ ನೇರ ಹೇಳಿ," ಎಂದವನೇ ಹೊಳೆಯತ್ತ ನಡೆದ.

"ಎಂತ ಮಾರಾಯ್ತಿ ಇದು!" ಬೇಲಿಯಾಚೆಯಿಂದ ಕುಮುದಿನಿ ಕೂಗಿದಳು. "ಅವನ ಅಮ್ಮ ನಿನ್ನೆಯೇ ಅರೆದು ಇಟ್ಟದ್ದು. ಹೀಗೆ ಕಳಿಸುದಾ?"

ದೇವರೇ... ಬಂದ ಒಬ್ಬ ನೆರೆಯವನನ್ನೂ ಕಳೆದುಕೊಂಡೆವಾ? ಮರಿಯಕುಟ್ಟಿ ಓಡಿದಳು.

"ನಿಲ್ಲಿ! ನಿಮ್ಮ ಮನೆಯ ದೋಷ ಅಲ್ಲ... ಹಿಟ್ಟಿಗೆ ಹುಳಿ ಬರಿಸಬಾರದು, ಅಷ್ಟೆ. ಬೈಬಲಿನಲ್ಲಿ ಈಜಿಪ್ಟಿನ ಸೆರೆಯಿಂದ ಹೊರಟವರಿಗೆ ಹಿಟ್ಟು ಉಬ್ಬುವಷ್ಟು ಹೊತ್ತಿರಲಿಲ್ಲ. ಅದರ ನೆನಪಿಗೆ..."

ಅವನು ತಿರುಗಿದ. "ಹಾಗಾದ್ರೆ ಈಗಲೇ ಮಾಡುವ. ನೀವು ಹೇಳಿ, ನಾನು ಮಾಡ್ತೇನೆ."

"ಎಲ್ಲಿ?"

"ನಮ್ಮಲ್ಲಿ ಒಲೆ ಇಲ್ವಾ?" ಕುಮುದಿನಿ ಹಿಂದೆಯೇ ಬಂದಿದ್ದಳು. "ದೋಸೆಗೆ ನೆನೆಹಾಕಿದ ಉದ್ದೂ ಉಂಟು. ಬನ್ನಿ!"

ಗೌಡರ ಅಡುಗೆಮನೆಯ ಹೊಸ್ತಿಲಲ್ಲಿ ಮರಿಯಕುಟ್ಟಿ ಕೈಕಟ್ಟಿ ಕೂತಳು. ಸಾವಾದ ಮನೆಯವಳು ಏನನ್ನೂ ಮುಟ್ಟುವಂತಿಲ್ಲ, ಹೇಳಬಹುದಷ್ಟೆ. ಲಿಗೋರಿ ಉದ್ದು ಅರೆದ, ಅಕ್ಕಿಹಿಟ್ಟು ಕಲಸಿದ, ಮೂಗಿಗೂ ಮೆತ್ತಿಕೊಂಡ.

"ಅರೆಯುವ ಗಂಡ!" ಒಲೆ ಊದುತ್ತಾ ಕುಮುದಿನಿ ಕಿಚಾಯಿಸಿದಳು. "ಯಾರ ಪುಣ್ಯವೋ!"

ತೆಂಗಿನ ಗರಿಯ ಪುಟ್ಟ ಶಿಲುಬೆಯನ್ನು ಹಿಟ್ಟಿನ ಮೇಲೆ ಇಡುವಾಗ ಮಾತ್ರ ಅವನ ನಗು ನಿಂತಿತು. ಕೊಂಕಣಿಯಲ್ಲಿ ಪ್ರಾರ್ಥಿಸಿದ. ಅವಳು ಮೆಲ್ಲನೆ ಮಲಯಾಳದಲ್ಲಿ ದನಿಗೂಡಿಸಿದಳು. ಇಬ್ಬರೂ ಒಟ್ಟಿಗೇ 'ಆಮೆನ್' ಎಂದಾಗ... ಅವಳ ಎದೆಯಲ್ಲಿ ಏನೋ ಹಗುರಾಯಿತು.

ಹುಲ್ಲುಮನೆಗೆ ತಂದ ರೊಟ್ಟಿಯನ್ನು ದೀಪದೆದುರು ಚಾಕೋ ಮುರಿದು ಲಿಗೋರಿಗೂ ಕೊಟ್ಟ. ಕುಮುದಿನಿಯ ಮುಂದೆ ಕೈ ತಡೆಯಿತು. ಹೊರಗಿನವರಿಗೆ ಕೊಡುವ ರೂಢಿಯಿಲ್ಲ.

"ಹೊಗೆ ಕುಡಿದದ್ದು ನಾನು. ನನಗೇ ಇಲ್ವಾ ಮಾರಾಯ್ರೆ?"

ಚಾಕೋ ನಕ್ಕುಬಿಟ್ಟ. ಹೆಂಡತಿ ಹೋದ ಮೇಲೆ ಮೊದಲ ನಗು! ಅಮ್ಮಚ್ಚಿಗೆಂದು ತೆಗೆದಿಟ್ಟ ತುಂಡನ್ನೇ ಅವಳ ಕೈಗಿಟ್ಟ.

ಆಮೇಲೆ ಭಾನುವಾರದ ಪ್ರಾರ್ಥನೆಗೆ ಲಿಗೋರಿ ಹೊಳೆ ದಾಟಿ ಬರತೊಡಗಿದ. ಕ್ರಿಸ್ಮಸ್ ಸಮೀಪಿಸಿತು. ಅಮ್ಮಚ್ಚಿಯ ವರ್ಷವೂ ಕಳೆದಿತ್ತು.

"ಮುಂದಿನ ಪೆಸಹಾಕ್ಕೂ ನಾನೇ ಅರೀಬೇಕಾ?" ಅಂಗಳದಲ್ಲಿ ಅವನು ಕೇಳಿದ.

"ಬೇಡ. ಇನ್ನು ನಾನು ಮಾಡಬಹುದು."

"ಯಾವ ಮನೆಯಲ್ಲಿ?"

ಅವಳು ಹೊಳೆಯಾಚೆ ನೋಡಿದಳು.

"ನಿಮ್ಮಲ್ಲಿ ಒಲೆ ಇಲ್ವಾ?"

ಮದುವೆಯ ಮರುದಿನ ದಡದವರೆಗೆ ಬಂದ ಕುಮುದಿನಿ ಅಳುತ್ತಲೇ ಗದರಿಸಿದಳು. "ರೊಟ್ಟಿಯಲ್ಲಿ ನನ್ನ ಪಾಲು ಮರೆತರೆ ನೋಡು!"

"ಮೊದಲ ತುಂಡೇ ನಿನಗೆ, ಮಾರಾಯ್ತಿ..."

ಸಂಕ್ರಾಂತಿ ಕಳೆದ ಸೋಮವಾರ, ಮೊಣಕಾಲುದ್ದದ ನೀರಿನಲ್ಲಿ ಲಿಗೋರಿಯ ಕೈ ಹಿಡಿದು ಮರಿಯಕುಟ್ಟಿ ಹೊಳೆ ದಾಟಿದಳು.